ಶ್ರುತಿಪೆಟ್ಟಿಗೆಯ ಹೊಸ ಮಾದರಿ: ಗ್ರಾಹಕರ ಮತ ಎಣಿಸಿದ ಮೇಲೂ ಬಗೆಹರಿಯದ ಪ್ರಶ್ನೆ

ಮಂದ್ರಪಂಚಮ (ಪ್ರಶ್ನೆ ಕೇಳಿದವರು):

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನಮ್ಮ ಸೋದರಮಾವ ಸೇರಿ ಹನ್ನೊಂದು ವರ್ಷಗಳಿಂದ ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ ತಂಬೂರಿಗಳನ್ನು, ಅಂದರೆ ಹಾಡುವವರಿಗೆ ಹಿನ್ನೆಲೆಯ ಶ್ರುತಿ ಕೊಡುವ ಪೆಟ್ಟಿಗೆಗಳನ್ನು, ತಯಾರಿಸುತ್ತಿದ್ದೇವೆ. ದೊಡ್ಡ ಉದ್ಯಮವೇನಲ್ಲ. ಸರ್ಕ್ಯೂಟ್ ಬೋರ್ಡುಗಳನ್ನು ಹೊರಗೆ ಮಾಡಿಸಿಕೊಂಡು, ಜೋಡಣೆ, ಶ್ರುತಿ ಪರೀಕ್ಷೆ ಹಾಗೂ ದುರಸ್ತಿಯನ್ನು ನಾವೇ ನೋಡಿಕೊಳ್ಳುತ್ತೇವೆ. ಕೊಳಲು ವಾದಕರೂ ಇಂಜಿನಿಯರೂ ಆದ ಜಿ. ರಾಜನಾರಾಯಣ ಅವರು ಇದೇ ಊರಿನಲ್ಲಿ ರೇಡೆಲ್ ಸಂಸ್ಥೆಯನ್ನು ಕಟ್ಟಿ ಈ ಕಸುಬಿಗೆ ದಾರಿ ಮಾಡಿದರು. ನಮ್ಮಂಥ ಸಣ್ಣವರು ಆ ದಾರಿಯ ಅಂಚಿನಲ್ಲಿ ನಡೆಯುವವರು. ಒಂದು ವ್ಯತ್ಯಾಸವೆಂದರೆ, ಅವರು ತಾವೇ ಕಛೇರಿ ಮಾಡುವವರಾಗಿದ್ದರಿಂದ ಪೆಟ್ಟಿಗೆಯಲ್ಲಿ ಏನಿರಬೇಕೆಂಬುದು ಅವರಿಗೆ ಒಳಗಿನಿಂದಲೇ ಗೊತ್ತಿತ್ತು. ನಮ್ಮಿಬ್ಬರಲ್ಲಿ ಒಬ್ಬರೂ ಹಾಡುವವರಲ್ಲ. ಆದ್ದರಿಂದ ಕೇಳಿ ತಿಳಿಯುವುದೊಂದೇ ನಮಗಿರುವ ಮಾರ್ಗ.

ಈಗ ನಮ್ಮ ಎರಡನೆಯ ಮಾದರಿಯ ಬೋರ್ಡನ್ನು ಅಂತಿಮಗೊಳಿಸುವ ಕಾಲ ಬಂದಿದೆ. ಒಮ್ಮೆ ಬೋರ್ಡೂ ಪ್ಲಾಸ್ಟಿಕ್ ಕವಚದ ಅಚ್ಚೂ ತಯಾರಾದರೆ ಮುಂದಿನ ಐದಾರು ವರ್ಷ ಅದನ್ನು ಬದಲಾಯಿಸುವ ಶಕ್ತಿ ನಮಗಿಲ್ಲ. ಹೀಗಾಗಿ ಹಳೆಯ ಗ್ರಾಹಕರಲ್ಲಿ ನಮ್ಮ ಬಳಿ ಫೋನ್ ನಂಬರ್ ಇದ್ದ 610 ಮಂದಿಗೆ ವಾಟ್ಸಾಪ್ ಮೂಲಕ ಒಂದು ಗೂಗಲ್ ಫಾರ್ಮ್ ಕಳುಹಿಸಿದೆವು. ಹನ್ನೆರಡು ಸೌಲಭ್ಯಗಳ ಪಟ್ಟಿ ಕೊಟ್ಟು, ಹೊಸ ಮಾದರಿಯಲ್ಲಿ ಬೇಕೆನಿಸುವ ಎಲ್ಲವನ್ನೂ ಗುರುತಿಸಿ ಎಂದು ಕೇಳಿದ್ದೆವು. ಕೊನೆಯಲ್ಲಿ ಅವರು ಹಾಡುವ ಅಥವಾ ನುಡಿಸುವ ಶ್ರುತಿಯನ್ನು ಬರೆಯಲು ಒಂದು ಜಾಗ, ಬೇರೆ ಏನಾದರೂ ಹೇಳುವುದಿದ್ದರೆ ಅದಕ್ಕೊಂದು ಜಾಗ ಇಟ್ಟಿದ್ದೆವು.

148 ಮಂದಿ ಉತ್ತರಿಸಿದರು. ಬ್ಲೂಟೂತ್ ಬೇಕೆಂದವರು 97, ಹೆಚ್ಚು ಬಾಳುವ ಬ್ಯಾಟರಿ ಕೇಳಿದವರು 81, ಮೊಬೈಲ್ ಆ್ಯಪ್‌ನಿಂದ ನಿಯಂತ್ರಣ ಬೇಕೆಂದವರು 66, ಹೆಚ್ಚಿನ ತಂಬೂರಿ ಧ್ವನಿಗಳನ್ನು ಬಯಸಿದವರು 58. ಪಂಚಮದ (ಪ) ಬದಲು ಮಧ್ಯಮ (ಮ) ಅಥವಾ ನಿಷಾದ (ನಿ) ಸ್ವರವನ್ನು ಹಾಕಿಕೊಳ್ಳುವ ಅನುಕೂಲ ಕೇಳಿದವರು 31 ಮಂದಿ ಮಾತ್ರ. ಉಳಿದವು ಇನ್ನೂ ಕೆಳಗಿವೆ.

ಎಣಿಕೆಯ ಪ್ರಕಾರ ನಡೆಯುವುದಾದರೆ ಬ್ಲೂಟೂತ್ ಮತ್ತು ಒಳಗೇ ಇರುವ ಲಿಥಿಯಂ ಬ್ಯಾಟರಿ ಎರಡನ್ನೂ ಹಾಕಬೇಕು. ಮೊದಲನೆಯದಕ್ಕೆ ನಿಸ್ತಂತು ಉಪಕರಣಗಳಿಗೆ ಬೇಕಾದ ಸರ್ಕಾರಿ ಅನುಮೋದನೆಯನ್ನು, ಎರಡನೆಯದಕ್ಕೆ ಭಾರತೀಯ ಮಾನಕ ಬ್ಯೂರೋದಲ್ಲಿ (ಬಿಐಎಸ್) ನೋಂದಣಿಯಾದ ಬ್ಯಾಟರಿಯನ್ನು ನೋಡಿಕೊಳ್ಳಬೇಕಾಗುತ್ತದೆ. ಅನುಮೋದನೆಯಾದ ಮಾಡ್ಯೂಲುಗಳು ಸಿಗುತ್ತವೆ, ಅದು ಅಸಾಧ್ಯವೇನಲ್ಲ. ಆದರೆ ಎರಡೂ ಸೇರಿದರೆ ಪೆಟ್ಟಿಗೆಯ ಬೆಲೆ ಸುಮಾರು 1,400 ರೂಪಾಯಿ ಏರುತ್ತದೆ. ಸೋದರಮಾವನವರು ಇದಕ್ಕೆ ಒಪ್ಪುತ್ತಿಲ್ಲ. ಮತ ಎಣಿಸಿ ಪೆಟ್ಟಿಗೆ ಮಾಡಿದರೆ ಅದು ತಂಬೂರಿಯಾಗುವುದಿಲ್ಲ, ಪಂಚಾಯಿತಿಯಾಗುತ್ತದೆ ಎಂಬುದು ಅವರ ವಾದ. ನನಗೋ ಕೇಳಿದ ಮೇಲೆ ಕೇಳಿಸಿಕೊಳ್ಳದೆ ಇರುವುದು ಸರಿಯಲ್ಲ ಎನಿಸುತ್ತದೆ. ಇಂಥ ಸಮೀಕ್ಷೆಯನ್ನು ಹೇಗೆ ಓದಬೇಕು, ಎಷ್ಟು ನಂಬಬೇಕು ಎಂಬುದನ್ನು ತಿಳಿದವರು ದಯವಿಟ್ಟು ಹೇಳಿ.


ಅಂಕಿಸಂಖ್ಯೆ_78:

ಹದಿನೆಂಟು ವರ್ಷ ಗ್ರಾಹಕ ಸಮೀಕ್ಷೆಗಳ ಕೆಲಸ ಮಾಡಿದವನು ನಾನು. ನನ್ನ ಅನುಭವವೆಲ್ಲ ಸಾಬೂನು, ಚಹಾಪುಡಿಯದು. ಸಂಗೀತದ ವಿಷಯದಲ್ಲಿ ಕೇಳುಗ ಮಾತ್ರ. ಆದರೂ ನಿಮ್ಮ ಫಾರ್ಮಿನ ಬಗ್ಗೆ ಕೆಲವು ಮಾತು ಹೇಳಬಲ್ಲೆ.

ಮೊದಲನೆಯದು, ಉತ್ತರಿಸಿದವರು ಯಾರು ಎಂಬುದು. 148 ಜನರ ಸಮೀಕ್ಷೆಯಲ್ಲಿ ಶೇಕಡಾ 8ರಷ್ಟು ಆಚೀಚೆ ಆಗಬಹುದು ಎಂದು ಪಠ್ಯಪುಸ್ತಕದ ಸೂತ್ರ ಹೇಳುತ್ತದೆ. ಆ ಸೂತ್ರ ಅನ್ವಯಿಸುವುದು ಚೀಟಿ ಎತ್ತಿದಂತೆ ಆಯ್ದ ಜನರಿಗೆ ಮಾತ್ರ. ತಾವಾಗಿ ಮುಂದೆ ಬಂದು ಉತ್ತರಿಸಿದವರಿಗೆ ಅದು ಅನ್ವಯಿಸುವುದಿಲ್ಲ. 1936ರ ಅಮೆರಿಕದ ಅಧ್ಯಕ್ಷ ಚುನಾವಣೆಗೆ ಮುನ್ನ ಲಿಟರರಿ ಡೈಜೆಸ್ಟ್ ಎಂಬ ಪತ್ರಿಕೆ ಒಂದು ಕೋಟಿ ಅಂಚೆ ಮತಪತ್ರಗಳನ್ನು ಕಳುಹಿಸಿ, ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರಗಳನ್ನು ಪಡೆದು, ಲ್ಯಾಂಡನ್ ಗೆಲ್ಲುತ್ತಾರೆಂದು ಹೇಳಿತು. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46ನ್ನು ಗೆದ್ದರು. ಎಣಿಕೆ ತಪ್ಪಿರಲಿಲ್ಲ, ಉತ್ತರಿಸಿದವರ ಗುಂಪೇ ದೇಶದಂತೆ ಇರಲಿಲ್ಲ. ನಿಮ್ಮ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಇದು: ಫೋನ್ ನಂಬರ್ ಇರುವ ಗ್ರಾಹಕರು ಯಾರು? ಬಹುಶಃ ನಿಮ್ಮಿಂದ ನೇರವಾಗಿ ತರಿಸಿಕೊಂಡವರು, ವಿದೇಶದಲ್ಲಿರುವವರು, ದುರಸ್ತಿಗೆ ಕಳುಹಿಸಿದವರು. ಬಳೇಪೇಟೆಯ ವಾದ್ಯದಂಗಡಿಯಲ್ಲಿ ಮಗಳಿಗೆಂದು ಒಂದು ಪೆಟ್ಟಿಗೆ ಕೊಂಡು ಮನೆಗೆ ಹೋದ ತಂದೆಯ ನಂಬರ್ ನಿಮ್ಮಲ್ಲಿರುವುದಿಲ್ಲ. ನಿಮ್ಮ ಮಾರಾಟದಲ್ಲಿ ಅಂಥವರ ಪಾಲು ಎಷ್ಟೆಂಬುದನ್ನು ನೀವೇ ಬಲ್ಲಿರಿ.

ಎರಡನೆಯದು, ಬೇಕಾದಷ್ಟನ್ನು ಗುರುತಿಸಿ ಎಂಬ ಪ್ರಶ್ನೆಯ ರೂಪ. ಬೆಲೆ ಬರೆಯದ ಪಟ್ಟಿ ಎದುರಿಗಿದ್ದರೆ ಯಾರಾದರೂ ಹೆಚ್ಚೇ ಕೇಳುತ್ತಾರೆ. ಮದುವೆಮನೆಯ ಎಲೆಯ ಮುಂದೆ ಕುಳಿತವನಿಗೆ ಹೋಳಿಗೆ ಬೇಕೇ ಎಂದು ಕೇಳಿದಂತೆ. ಇದರ ಬದಲು ನಾಲ್ಕು ನಾಲ್ಕು ಸೌಲಭ್ಯಗಳ ಸಣ್ಣ ಗುಂಪುಗಳನ್ನು ಕೊಟ್ಟು, ಪ್ರತಿ ಗುಂಪಿನಲ್ಲಿ ಅತಿ ಮುಖ್ಯವಾದುದೊಂದು, ಅತಿ ಅಮುಖ್ಯವಾದುದೊಂದು ಆರಿಸಿ ಎಂದು ಕೇಳುವ ಕ್ರಮವಿದೆ. ಆಗ ಒಂದನ್ನು ಹಿಡಿಯಲು ಇನ್ನೊಂದನ್ನು ಬಿಡಬೇಕಾಗುತ್ತದೆ. ಪಟ್ಟಿಯಲ್ಲಿ ಬ್ಲೂಟೂತ್ ಮೊದಲನೆಯದಾಗಿತ್ತೇ? ಮೊದಲಿಗಿರುವುದಕ್ಕೆ ಹೆಚ್ಚು ಗುರುತು ಬೀಳುವುದು ಸಾಮಾನ್ಯ. ಪ್ರತಿಯೊಬ್ಬರಿಗೂ ಅನುಕ್ರಮ ಬದಲಾಯಿಸಿ ತೋರಿಸುವ ಆಯ್ಕೆ ಗೂಗಲ್ ಫಾರ್ಮಿನಲ್ಲೇ ಇದೆ.

ಜಪಾನಿನ ನೊರಿಯಾಕಿ ಕಾನೊ ಅವರು 1984ರಲ್ಲಿ ವಿವರಿಸಿದ ಒಂದು ವಿಂಗಡಣೆಯೂ ನಿಮಗೆ ಉಪಯೋಗಕ್ಕೆ ಬರಬಹುದು. ಕೆಲವು ಗುಣಗಳು ಇದ್ದರೆ ಯಾರೂ ಹೊಗಳುವುದಿಲ್ಲ, ಇಲ್ಲದಿದ್ದರೆ ಎಲ್ಲರೂ ಸಿಟ್ಟಾಗುತ್ತಾರೆ. ಒಂದು ಗಂಟೆಯಾದ ಮೇಲೂ ಶ್ರುತಿ ಜಾರಬಾರದು, ಸ್ವಿಚ್ ಒತ್ತಿದಾಗ ಸ್ಪೀಕರಿನಲ್ಲಿ ಟಕ್ ಎನ್ನಬಾರದು, ಇಂಥವನ್ನು ಯಾರೂ ಪಟ್ಟಿಯಲ್ಲಿ ಗುರುತಿಸುವುದಿಲ್ಲ, ನೀವೂ ಪಟ್ಟಿಯಲ್ಲಿ ಸೇರಿಸಿರುವುದಿಲ್ಲ. ಆದರೆ ಪೆಟ್ಟಿಗೆಯನ್ನು ಕಪಾಟಿನಲ್ಲಿಟ್ಟು ಮರೆತುಬಿಡುವುದು ಇಂಥವುಗಳಿಂದಲೇ.

ಕೊನೆಯದಾಗಿ, ಒಟ್ಟು ಮತಗಳನ್ನು ನೋಡುವುದನ್ನು ಬಿಟ್ಟು ಒಡೆದು ನೋಡಿ. ಶ್ರುತಿಯ ಪ್ರಶ್ನೆ ಹೇಗೂ ಇದೆಯಲ್ಲ? ಬ್ಯಾಟರಿ ಕೇಳಿದವರು ಯಾವ ಶ್ರುತಿಯವರು, ಬ್ಲೂಟೂತ್ ಕೇಳಿದವರು ಯಾವ ಶ್ರುತಿಯವರು ಎಂದು ವಿಂಗಡಿಸಿ. ಹಾಗೆ ಮಾಡುವಾಗ ಆ ಶ್ರುತಿಯವರು ಒಟ್ಟು ಎಷ್ಟಿದ್ದಾರೆ ಎಂಬುದನ್ನೂ ಪಕ್ಕದಲ್ಲೇ ಬರೆಯಿರಿ, ಇಲ್ಲವಾದರೆ ಏನೂ ತಿಳಿಯುವುದಿಲ್ಲ.


ಮಂದ್ರಪಂಚಮ:

ಧನ್ಯವಾದಗಳು ಸರ್. ಬ್ಲೂಟೂತ್ ಪಟ್ಟಿಯಲ್ಲಿ ಮೊದಲನೆಯದಾಗಿಯೇ ಇತ್ತು, ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ನಿಮ್ಮ ಮಾತಿನಂತೆ ರಾತ್ರಿ ಕುಳಿತು ಒಡೆದು ನೋಡಿದೆ. ಬ್ಲೂಟೂತ್ ಕೇಳಿದವರು ಎಲ್ಲ ಶ್ರುತಿಗಳಲ್ಲೂ ಸಮನಾಗಿ ಹರಡಿದ್ದಾರೆ. ಬ್ಯಾಟರಿಯ ವಿಷಯ ಹಾಗಿಲ್ಲ. ಐದು ಮತ್ತು ಐದೂವರೆ ಮನೆ (ಶ್ರುತಿಯ ಎತ್ತರವನ್ನು ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಹೇಳುವುದು ರೂಢಿ) ಎಂದು ಬರೆದವರು ಒಟ್ಟು 61, ಅವರಲ್ಲಿ 52 ಮಂದಿ ಬ್ಯಾಟರಿ ಕೇಳಿದ್ದಾರೆ. ಶ್ರುತಿಯ ಜಾಗದಲ್ಲಿ ಬರೀ 4 ಎಂದು ಬರೆದವರು 15, ಅವರಲ್ಲಿ 13 ಮಂದಿ ಕೇಳಿದ್ದಾರೆ. ಉಳಿದ ಎಲ್ಲ ಶ್ರುತಿಗಳವರು 72, ಅವರಲ್ಲಿ 16 ಮಾತ್ರ. ಐದು ಮನೆಯವರೆಂದರೆ ಬಹುಮಟ್ಟಿಗೆ ಹೆಂಗಸರು. ಹೆಂಗಸರಿಗೆ ಮಾತ್ರ ಹೆಚ್ಚು ಬಾಳುವ ಬ್ಯಾಟರಿ ಏಕೆ ಬೇಕಾಗುತ್ತದೆ? ನಮ್ಮ ಈಗಿನ ಪೆಟ್ಟಿಗೆ ಆರು ಪೆನ್‌ಸೆಲ್ಲಿನಿಂದಲೂ, ಜೊತೆಗೆ ಕೊಡುವ ಅಡಾಪ್ಟರಿನಿಂದಲೂ ನಡೆಯುತ್ತದೆ.


ಜಂಟಿವರಸೆ:

ಮೈಸೂರಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಗಾಯನ ಪಾಠ ಹೇಳುತ್ತಿದ್ದೇನೆ. ನಿಮ್ಮ ಪೆಟ್ಟಿಗೆಯೇ ನಮ್ಮ ಮನೆಯಲ್ಲಿದೆ ಎಂದು ಭಾವಿಸುತ್ತೇನೆ, ಏಕೆಂದರೆ ನಾನೂ ಆ ಫಾರ್ಮ್ ತುಂಬಿದವಳು, ಬ್ಯಾಟರಿಗೆ ಗುರುತು ಹಾಕಿದವಳು. ಏಕೆ ಹಾಕಿದೆನೆಂದು ಯಾರೂ ಕೇಳಲಿಲ್ಲವಾದ್ದರಿಂದ ಈಗ ಹೇಳುತ್ತೇನೆ.

ಅಡಾಪ್ಟರ್ ಚುಚ್ಚಿದರೆ ಶ್ರುತಿ ನಡುಗುತ್ತದೆ. ಸೆಲ್ ಹಾಕಿದರೆ ನಿಂತ ನೀರಿನಂತೆ ಇರುತ್ತದೆ. ನಾನು ಐದು ಮನೆಯಲ್ಲಿ ಹಾಡುತ್ತೇನೆ. ತಾರಸ್ಥಾಯಿಯಲ್ಲಿ ಓಡಾಡುವಾಗ ಅದು ಗಮನಕ್ಕೆ ಬರುವುದಿಲ್ಲ. ಬೆಳಗಿನ ಹೊತ್ತು ಆಧಾರ ಷಡ್ಜದಲ್ಲಿ (ಸ) ನಿಂತು ಅಕಾರ ಸಾಧನೆ ಮಾಡುವಾಗ ಮಾತ್ರ ಯಾರೋ ನೆಲವನ್ನು ಅಲುಗಿಸಿದಂತೆ ಆಗುತ್ತದೆ. ಪಾಠಕ್ಕೆ ಬರುವ ಮಕ್ಕಳಲ್ಲಿ ಕಿವಿ ಸೂಕ್ಷ್ಮವಾಗಿರುವ ಒಬ್ಬಳು, ಮಿಸ್, ತಂಬೂರಿಗೆ ಚಳಿಯಾಗುತ್ತಿದೆ ಎಂದಿದ್ದಳು. ಇದು ಯಂತ್ರದ ಸ್ವಭಾವವಿರಬೇಕೆಂದುಕೊಂಡು ನಾನು ಸೆಲ್ಲುಗಳಲ್ಲೇ ನಡೆಸುತ್ತಿದ್ದೇನೆ. ದಿನಕ್ಕೆ ನಾಲ್ಕು ಗಂಟೆ ಪಾಠವೆಂದರೆ ಎಷ್ಟು ಸೆಲ್ ಬೇಕಾಗುತ್ತದೆಂದು ನೀವೇ ಲೆಕ್ಕ ಹಾಕಿ. ಫಾರ್ಮಿನಲ್ಲಿ ಅಡಾಪ್ಟರಿನ ದೋಷ ಎಂಬ ಸಾಲು ಇರಲಿಲ್ಲ, ಹೆಚ್ಚು ಬಾಳುವ ಬ್ಯಾಟರಿ ಎಂಬ ಸಾಲು ಇತ್ತು. ಅದನ್ನು ಗುರುತಿಸಿದೆ.

ಬ್ಲೂಟೂತ್ ಬಗ್ಗೆಯೂ ಒಂದು ಮಾತು. ಅದನ್ನು ಗುರುತಿಸಿದ ನನ್ನ ಶಿಷ್ಯೆಯರಿಬ್ಬರನ್ನು ಕೇಳಿದೆ. ಒಬ್ಬಳಿಗೆ ಬೇಕಾಗಿರುವುದು ಪೆಟ್ಟಿಗೆಯ ನಾದವನ್ನು ದೊಡ್ಡ ಸ್ಪೀಕರಿಗೆ ಕಳುಹಿಸುವುದು, ಏಕೆಂದರೆ ಅವಳು ಭರತನಾಟ್ಯದ ತರಗತಿಗೂ ಹಾಡುತ್ತಾಳೆ. ಇನ್ನೊಬ್ಬಳಿಗೆ ಬೇಕಾಗಿರುವುದು ಅದಕ್ಕೆ ತದ್ವಿರುದ್ಧ: ಫೋನಿನಲ್ಲಿ ನಾನು ಕಳುಹಿಸಿದ ಪಾಠ ಪೆಟ್ಟಿಗೆಯ ಸ್ಪೀಕರಿನಲ್ಲಿ ಕೇಳಬೇಕು, ಅದರ ಹಿಂದೆ ಶ್ರುತಿಯೂ ನಡೆಯುತ್ತಿರಬೇಕು. ಈಗ ಅವಳು ಪಾಠವನ್ನೂ ತಂಬೂರಿಯನ್ನೂ ಒಂದೇ ಫೋನಿನಲ್ಲಿ ಹಾಕಿಕೊಂಡು ಕೂರುತ್ತಾಳೆ, ಮಧ್ಯದಲ್ಲಿ ಕರೆ ಬಂದರೆ ಎರಡೂ ನಿಲ್ಲುತ್ತವೆ. ನೀವು ಒಂದು ಎಂದು ಎಣಿಸಿದ ಬೇಡಿಕೆಯೊಳಗೆ ಎರಡು ಬೇರೆ ಬೇರೆ ಬೇಡಿಕೆಗಳಿವೆ.

ಮಧ್ಯಮದ ತಂತಿಗೆ 31 ಮತ ಬಿದ್ದದ್ದನ್ನು ಕಡಿಮೆ ಎಂದು ತಳ್ಳಿಹಾಕಬೇಡಿ. ನಾದನಾಮಕ್ರಿಯೆ, ಪುನ್ನಾಗವರಾಳಿ, ಚೆಂಚುರುಟಿಯಂಥ ರಾಗಗಳನ್ನು ಮಧ್ಯಮ ಶ್ರುತಿಯಲ್ಲಿ ಹಾಡುವಾಗ ಪಂಚಮ ಮೊಳಗುತ್ತಿದ್ದರೆ ಅಭಾಸವಾಗುತ್ತದೆ. ಬ್ಲೂಟೂತ್ ಇಲ್ಲದಿದ್ದರೆ ಒಬ್ಬರಿಗೆ ಅನನುಕೂಲ, ಅಷ್ಟೆ. ಮಧ್ಯಮ ಇಲ್ಲದಿದ್ದರೆ ಆ ಹಾಡಿಗೆ ಪೆಟ್ಟಿಗೆಯನ್ನು ನಿಲ್ಲಿಸಲೇಬೇಕು.


ಧಾರವಾಡ_ಖರ್ಜ:

ಬರೀ 4 ಎಂದು ಬರೆದ ಆ ಹದಿನೈದು ಮಂದಿಯ ಬಗ್ಗೆ ನನಗೊಂದು ಗುಮಾನಿ. ಕರ್ನಾಟಕ ಸಂಗೀತದವರು ನಾಲ್ಕು ಎಂದರೆ ನಾಲ್ಕು ಮನೆ, ಅಂದರೆ ಪಾಶ್ಚಾತ್ಯ ಹೆಸರಿನಲ್ಲಿ ಎಫ್. ನಮ್ಮ ಕಡೆಯ ಹಿಂದೂಸ್ತಾನಿಯವರು ಹಾರ್ಮೋನಿಯಂ ಮನೆಗಳನ್ನು ಕಪ್ಪು, ಬಿಳಿ ಎಂದು ಬೇರೆ ಬೇರೆಯಾಗಿ ಎಣಿಸುತ್ತಾರೆ. ಬಿಳಿ ನಾಲ್ಕು ಎಂದರೆ ಎಫ್ ಹೌದು. ಕಪ್ಪು ನಾಲ್ಕು, ಅಂದರೆ ಕಾಳೀ ಚಾರ್, ಅದು ಜಿ ಶಾರ್ಪ್. ನಿಮ್ಮ ಲೆಕ್ಕದಲ್ಲಿ ಅದು ಐದೂವರೆ ಮನೆ. ನಮ್ಮಲ್ಲಿ ಹಾಡುವ ಹೆಣ್ಣುಮಕ್ಕಳಲ್ಲಿ ಕಾಳೀ ಚಾರ್ ಬಹಳ ಸಾಮಾನ್ಯವಾದ ಶ್ರುತಿ. ನಿಮ್ಮ ಫಾರ್ಮಿನಲ್ಲಿ ಮನೆ ಎಂಬ ಪದವಷ್ಟೇ ಇದ್ದರೆ ಧಾರವಾಡ, ಬೆಳಗಾವಿ, ಕಲಬುರ್ಗಿಯವರು ತಮ್ಮ ಎಣಿಕೆಯನ್ನೇ ಬರೆದಿರುತ್ತಾರೆ. ಅವರಿಗೆ ಫೋನ್ ಮಾಡಿ ಕೇಳಿ.

ಹೆಚ್ಚಿನ ತಂಬೂರಿ ಧ್ವನಿ ಕೇಳಿದ 58 ಮಂದಿಯಲ್ಲಿ ನಾನೂ ಒಬ್ಬ. ಹತ್ತು ಧ್ವನಿ ಬೇಕೆಂದಲ್ಲ, ಜವಾರಿ, ಅಂದರೆ ತಂತಿ ಕುದುರೆಯನ್ನು ಸವರುವಾಗ ಅರಳುವ ಝೇಂಕಾರ, ಇರುವ ಒಂದು ಧ್ವನಿ ಬೇಕೆಂದು. (ಜವಾರಿ ಎಂದರೆ ನಮ್ಮ ಕಡೆ ನಾಟಿ ಎಂದೂ ಅರ್ಥ, ಜವಾರಿ ಕೋಳಿ ಎನ್ನುತ್ತೇವಲ್ಲ. ಎರಡಕ್ಕೂ ಸಂಬಂಧವಿಲ್ಲ, ಆದರೂ ನನಗೆ ಎರಡೂ ಬೇಕು.) ಮಿರಜಿನ ತಂಬೂರಿಯಲ್ಲಿ ಕುದುರೆಯ (ತಂತಿಗಳು ಕೂರುವ ಆಧಾರದ) ಮೇಲೆ ತಂತಿಯ ಕೆಳಗೆ ದಾರ ಸರಿಸಿ, ಕೂದಲೆಳೆಯಷ್ಟು ಆಚೀಚೆ ಮಾಡಿ, ನಾದ ಅರಳುವ ಜಾಗವನ್ನು ಹುಡುಕುತ್ತೇವೆ. ಸಿ.ವಿ. ರಾಮನ್ ಅವರು 1921ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ತಂತಿಯನ್ನು ಒಂದು ಬಿಂದುವಿನಲ್ಲಿ ಮೀಟಿದರೆ ನಿಯಮದ ಪ್ರಕಾರ ಕೆಲವು ಉಪಸ್ವರಗಳು ಹುಟ್ಟಲೇಬಾರದು, ತಂಬೂರಿ ವೀಣೆಗಳ ಅಗಲವಾದ ಬಾಗು ಕುದುರೆಯಿಂದಾಗಿ ಅವೂ ಗಟ್ಟಿಯಾಗಿ ಕೇಳುತ್ತವೆ ಎಂದು. ಒಂದು ತಿರುಗಿಸುವ ನಾಬ್ ಕೊಟ್ಟು ಆ ಅರಳುವಿಕೆಯನ್ನು ಹೆಚ್ಚು ಕಡಿಮೆ ಮಾಡಿಕೊಳ್ಳಲು ಬಿಟ್ಟರೆ ನನ್ನ ಮಟ್ಟಿಗೆ ಹತ್ತು ಧ್ವನಿಗಳ ಪಟ್ಟಿಯೇ ಬೇಡ.


ಬೆಸುಗೆಕಡ್ಡಿ:

ಜಂಟಿವರಸೆ ಮೇಡಂ ಹೇಳಿದ ನಡುಕಕ್ಕೆ ಕಾರಣ ಹೊಳೆದಿದೆ ಎನಿಸುತ್ತದೆ. ಲೆಕ್ಕ ಹೀಗಿದೆ.

ನಮ್ಮ ಮನೆಯ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು (50 ಹರ್ಟ್ಸ್). ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಬಗೆಯ ಅಡಾಪ್ಟರಿನಲ್ಲಿ ನಾಲ್ಕು ಡಯೋಡುಗಳು ಅದನ್ನು ನೇರ ವಿದ್ಯುತ್ತಾಗಿ ಮಾಡುವಾಗ ಏರಿಳಿತ 100 ಹರ್ಟ್ಸ್ ಆಗುತ್ತದೆ. ಅದನ್ನು ಸಮ ಮಾಡುವ ಕೆಪಾಸಿಟರ್ ಚಿಕ್ಕದಾಗಿದ್ದರೆ ಅಥವಾ ಹಳತಾಗಿ ಒಣಗಿದ್ದರೆ ಆ 100 ಹರ್ಟ್ಸಿನ ಗುಂಯ್ ಸದ್ದು ಮತ್ತು ಅದರ 200, 300ರ ಉಪಸ್ವರಗಳು ಸ್ಪೀಕರಿನೊಳಗೆ ನುಸುಳುತ್ತವೆ. ಐದು ಮನೆ ಎಂದರೆ ಜಿ. ಅದರ ಮಂದ್ರ (ಕೆಳಗಿನ ಸ್ಥಾಯಿಯ) ಷಡ್ಜ 98 ಹರ್ಟ್ಸ್, ಮಧ್ಯ ಷಡ್ಜ 196. ನೂರರ ಜೊತೆ 98 ಸೇರಿದರೆ ಸೆಕೆಂಡಿಗೆ ಎರಡು ಅಲೆ, ಇನ್ನೂರರ ಜೊತೆ 196 ಸೇರಿದರೆ ಸೆಕೆಂಡಿಗೆ ನಾಲ್ಕು ಅಲೆ. ಶ್ರುತಿ ಸೇರದ ಎರಡು ತಂತಿಗಳನ್ನು ಒಟ್ಟಿಗೆ ಮೀಟಿದಾಗ ಕೇಳುವ ಅಲುಗಾಟವೇ ಇದು. ಐದೂವರೆಯಲ್ಲಿ ಮಂದ್ರ ಷಡ್ಜ ಸುಮಾರು 103.8, ಅಲೆಗಳು ಸೆಕೆಂಡಿಗೆ ನಾಲ್ಕರ ಹತ್ತಿರ. ಆ ಮಗು ಚಳಿ ಎಂದದ್ದು ಸರಿಯಾಗಿಯೇ ಇದೆ. ಸೆಲ್ಲಿನಲ್ಲಿ ಇದಾವುದೂ ಇರುವುದಿಲ್ಲ.

ಮಂದ್ರಪಂಚಮ ಅವರೇ, ಇದನ್ನು ಪರೀಕ್ಷಿಸಲು ನಿಮ್ಮ ಫಾರ್ಮಿನಲ್ಲೇ ಇನ್ನೊಂದು ಸುಳಿವಿದೆ. ಒಂದನೇ ಮನೆಯ ತಂಬೂರಿಯಲ್ಲಿ ಪಂಚಮದ ತಂತಿ, ನಿಮ್ಮ ಹೆಸರಿನ ಸ್ವರವೇ, 98 ಹರ್ಟ್ಸಿಗೆ ಬರುತ್ತದೆ. ಹಾಗಿದ್ದರೆ ಒಂದನೇ ಮನೆಯ ಗಂಡಸರಿಗೂ ಈ ತೊಂದರೆ ಸ್ವಲ್ಪ ಕೇಳಿರಬೇಕು. ಪಂಚಮ ಸುತ್ತಿಗೊಮ್ಮೆ ಮಾತ್ರ ಬರುವುದರಿಂದ, ಮತ್ತು ಗಾಯಕರ ಕಿವಿ ನಿಲ್ಲುವುದು ಷಡ್ಜದಲ್ಲಾದ್ದರಿಂದ, ದೂರುವವರು ಕಡಿಮೆ ಇರಬಹುದು. ಉಳಿದ 16 ಮಂದಿಯಲ್ಲಿ ಒಂದನೇ ಮನೆಯವರು ಎಷ್ಟು ನೋಡಿ. ಅಮೆರಿಕದಲ್ಲಿ ವಿದ್ಯುತ್ತು 60 ಹರ್ಟ್ಸಿನದು, ಗುಂಯ್ ಸದ್ದು 120ಕ್ಕೆ ಬೀಳುತ್ತದೆ. ಅಲ್ಲಿನ ಐದು ಮನೆಯವರು ಬ್ಯಾಟರಿ ಕೇಳಿರಬಾರದು.

ಸಮೀಕ್ಷೆಯ ಬಗ್ಗೆ ನನ್ನ ಅಭಿಪ್ರಾಯವನ್ನೂ ಹೇಳಿಬಿಡುತ್ತೇನೆ. ನಾನು ಸಿಂಥಸೈಜರ್ ಹುಚ್ಚಿನವನು. ರೋಲಂಡ್ ಕಂಪನಿ 1980ರ ದಶಕದ ಆರಂಭದಲ್ಲಿ ಟಿಬಿ-303 ಎಂಬ ಪುಟ್ಟ ಪೆಟ್ಟಿಗೆಯನ್ನು ಗಿಟಾರ್ ಅಭ್ಯಾಸ ಮಾಡುವವರಿಗೆ ಬೇಸ್ ಜೊತೆಗಾರನಾಗಲಿ ಎಂದು ಮಾರಿತು. ಗಿಟಾರಿಗರು ಒಪ್ಪಲಿಲ್ಲ, 1984ರ ಹೊತ್ತಿಗೆ ತಯಾರಿ ನಿಂತುಹೋಯಿತು. ಆಮೇಲೆ ಶಿಕಾಗೋದ ಹುಡುಗರು ಅದನ್ನು ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡು, ನಾಬುಗಳನ್ನು ಯಾರೂ ತಿರುಗಿಸದಷ್ಟು ತಿರುಗಿಸಿ ಆಸಿಡ್ ಹೌಸ್ ಎಂಬ ಸಂಗೀತವನ್ನೇ ಹುಟ್ಟಿಸಿದರು. ಅದಕ್ಕೂ ಮೊದಲು, 1982ರಲ್ಲಿ, ಮುಂಬಯಿಯ ಚರಣಜಿತ್ ಸಿಂಗ್ ಅವರು ಅದೇ ಪೆಟ್ಟಿಗೆಯಲ್ಲಿ ರಾಗಗಳನ್ನು ನುಡಿಸಿ ಧ್ವನಿಮುದ್ರಣ ಮಾಡಿದ್ದರು. ಆ ದಿನಗಳಲ್ಲಿ ಕಂಪನಿಯವರು ಗ್ರಾಹಕರ ಮತ ಕೇಳಿದ್ದರೆ ಉತ್ತರಿಸುತ್ತಿದ್ದವರು ಗಿಟಾರಿಗರು. ಹೀಗೆಂದು ಮತ ಕೇಳಬೇಡಿ ಎನ್ನುತ್ತಿಲ್ಲ. ಒಮ್ಮೆ ಅಚ್ಚು ಹಾಕಿದರೆ ಬದಲಾಯಿಸಲಾಗದ ಭಾಗಗಳನ್ನು ಮತದಿಂದ ತೀರ್ಮಾನಿಸಬೇಡಿ; ಫರ್ಮ್‌ವೇರಿನಲ್ಲಿ (ಪೆಟ್ಟಿಗೆಯೊಳಗಿನ ತಂತ್ರಾಂಶದಲ್ಲಿ) ಬದಲಾಯಿಸಬಹುದಾದವನ್ನು ಧಾರಾಳವಾಗಿ ಕೇಳಿ, ಕೊಟ್ಟು ನೋಡಿ, ಹಿಂದೆ ತೆಗೆದುಕೊಳ್ಳಿ. ನ್ಯೂಜಿಲೆಂಡಿನ ಸಿಂಥ್‌ಸ್ಟ್ರೋಮ್ ಎಂಬ ಸಣ್ಣ ಸಂಸ್ಥೆ 2023ರಲ್ಲಿ ತನ್ನ ಡೆಲ್ಯೂಜ್ ವಾದ್ಯದ ಫರ್ಮ್‌ವೇರನ್ನೇ ಮುಕ್ತಗೊಳಿಸಿತು. ಈಗ ಬೇಕಾದವರು ಬೇಕಾದ ಸೌಲಭ್ಯವನ್ನು ಸ್ವತಃ ಬರೆದು ಸೇರಿಸುತ್ತಿದ್ದಾರೆ. ಮಧ್ಯಮ, ನಿಷಾದ, ಜವಾರಿಯ ಪ್ರಮಾಣ ಇವೆಲ್ಲ ಫರ್ಮ್‌ವೇರಿನ ವಿಷಯಗಳು. ನಾಬ್ ಮಾತ್ರ ಹಾಗಲ್ಲ.

ಬ್ಲೂಟೂತಿನಲ್ಲಿ ಸದ್ದು ತಡವಾಗಿ ಬರುತ್ತದೆಂದು ಕೆಲವರು ಹೆದರಿಸಬಹುದು. ತಂಬೂರಿಗೆ ಅದು ಲೆಕ್ಕಕ್ಕಿಲ್ಲ. ಒಂದೇ ಸಮನೆ ಹರಿಯುವ ನಾದ ಸೆಕೆಂಡಿನ ಐದನೆಯ ಒಂದು ಭಾಗ ತಡವಾದರೆ ಯಾರಿಗೆ ಗೊತ್ತಾಗುತ್ತದೆ? ಮುಂದೆ ತಾಳ ಸೇರಿಸಿ, ಶ್ರುತಿ ಪೆಟ್ಟಿಗೆಯಿಂದಲೂ ತಾಳದ ಪಾಠ ಫೋನಿನಿಂದಲೂ ಬರುವಂತಾದರೆ ಆಗ ಯೋಚಿಸಬೇಕಾಗುತ್ತದೆ.


ಅಂಕಿಸಂಖ್ಯೆ_78:

ಬೆಸುಗೆಕಡ್ಡಿ ಅವರ ಊಹೆಯನ್ನು ಮೆಚ್ಚಿದೆ, ಮುಖ್ಯವಾಗಿ ಅದು ತಪ್ಪಾಗಿದ್ದರೆ ಹೇಗೆ ತಿಳಿಯುತ್ತದೆಂಬುದನ್ನೂ ಅವರು ಹೇಳಿದ್ದರಿಂದ. ನನ್ನ ಸಣ್ಣ ಸೇರ್ಪಡೆ: ದುರಸ್ತಿಗೆ ಬಂದ ಪೆಟ್ಟಿಗೆಗಳನ್ನು ತೆರೆಯುವ ಮೊದಲು ನಾಬುಗಳು ಎಲ್ಲಿ ನಿಂತಿವೆ, ಸೆಲ್ಲುಗಳು ಒಳಗಿವೆಯೇ, ಜೊತೆಗೆ ಅಡಾಪ್ಟರ್ ಕಳುಹಿಸಿದ್ದಾರೆಯೇ ಎಂದು ಬರೆದಿಡಿ. ಜನ ಬಳಸುವ ರೀತಿ ಅಲ್ಲಿ ಅಚ್ಚೊತ್ತಿರುತ್ತದೆ. ಅವರು ಹೇಳಿದ್ದಕ್ಕೂ ಅದಕ್ಕೂ ಎಷ್ಟೋ ಸಲ ತಾಳೆಯಾಗುವುದಿಲ್ಲ.


ಮಂದ್ರಪಂಚಮ:

ಎಂಟು ದಿನ ಉತ್ತರಿಸಲಾಗಲಿಲ್ಲ, ಕ್ಷಮೆಯಿರಲಿ. ಕೆಲಸ ಮಾಡುತ್ತಿದ್ದೆವು.

4 ಎಂದು ಬರೆದ ಹದಿನೈದು ಮಂದಿಯಲ್ಲಿ ಹನ್ನೊಂದು ಜನ ಫೋನಿಗೆ ಸಿಕ್ಕರು. ಒಂಬತ್ತು ಮಂದಿ ಹಿಂದೂಸ್ತಾನಿಯವರು, ಎಲ್ಲರದೂ ಕಾಳೀ ಚಾರ್. ಇಬ್ಬರದು ಮಾತ್ರ ನಿಜವಾದ ನಾಲ್ಕು ಮನೆ. ಉಳಿದ 16 ಮಂದಿಯಲ್ಲಿ ಹತ್ತು ಜನ ಒಂದನೇ ಮನೆಯವರು! ಅಮೆರಿಕದಲ್ಲಿರುವ ಐದು ಮನೆಯವರು ಏಳು ಜನರಿದ್ದರು, ಬ್ಯಾಟರಿ ಕೇಳಿದವರು ಒಬ್ಬರು. ಅವರು ಪ್ರವಾಸದಲ್ಲಿ ಒಯ್ಯುವುದಕ್ಕೆ ಕೇಳಿದ್ದರು.

ಸೋದರಮಾವನವರು ಮೊದಲು ನಂಬಲಿಲ್ಲ. ಶೆಡ್ಡಿನಲ್ಲಿದ್ದ ಆರು ಅಡಾಪ್ಟರುಗಳನ್ನು ವಿದ್ಯುತ್ತಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪಿಗೆ ಹಚ್ಚಿ ನೋಡಿದೆವು. ಹೊಸ ಎರಡರಲ್ಲಿ ಏರಿಳಿತ ಸಣ್ಣದು. ಮೂರು ವರ್ಷಗಳ ಹಿಂದೆ ಬೇರೊಬ್ಬ ಸರಬರಾಜುದಾರರಿಂದ ತರಿಸಿದ ನಾಲ್ಕರಲ್ಲಿ ಗರಗಸದ ಹಲ್ಲಿನಂಥ ಗೆರೆ ಎದ್ದು ಕಾಣುತ್ತಿತ್ತು. ಪೆಟ್ಟಿಗೆಯನ್ನು ಐದು ಮನೆಗೆ ಇಟ್ಟು, ಆ ಅಡಾಪ್ಟರ್ ಹಾಕಿ, ಕಿವಿಯನ್ನು ಸ್ಪೀಕರಿನ ಹತ್ತಿರ ತಂದಾಗ ನಡುಕ ನಮಗೂ ಕೇಳಿತು. ನಾವು ಶ್ರುತಿ ಪರೀಕ್ಷೆ ಮಾಡುವುದು ಸದಾ ಎರಡು ಮನೆಯಲ್ಲಿ, ಏಕೆಂದರೆ ಮೊದಲ ಪೆಟ್ಟಿಗೆಯನ್ನು ಕೊಂಡ ವಿದ್ವಾಂಸರ ಶ್ರುತಿ ಅದಾಗಿತ್ತು. ಎರಡು ಮನೆಯ ಪಂಚಮ 110 ಹರ್ಟ್ಸ್, ನೂರರಿಂದ ದೂರ. ಅದೊಂದೇ ಕಾರಣಕ್ಕೆ ಇಷ್ಟು ದಿನ ನಮಗೆ ಇದು ಕೇಳಿಸಿರಲಿಲ್ಲ.

ಹೊಸ ಬೋರ್ಡಿನಲ್ಲಿ ವಿದ್ಯುತ್ತು ಒಳಬರುವ ಕಡೆ ದೊಡ್ಡ ಕೆಪಾಸಿಟರನ್ನೂ ಒಂದು ರೆಗ್ಯುಲೇಟರನ್ನೂ ಹಾಕುತ್ತಿದ್ದೇವೆ. ಖರ್ಚು ಪೆಟ್ಟಿಗೆಗೆ ಮೂವತ್ತು ರೂಪಾಯಿಯ ಒಳಗೆ. ಲಿಥಿಯಂ ಬ್ಯಾಟರಿಯನ್ನು ಸದ್ಯಕ್ಕೆ ಕೈಬಿಟ್ಟಿದ್ದೇವೆ. ಬ್ಲೂಟೂತ್ ಮಾಡ್ಯೂಲಿಗೆ ಬೋರ್ಡಿನಲ್ಲಿ ಜಾಗ ಬಿಟ್ಟಿದ್ದೇವೆ, ತುಂಬಿಲ್ಲ. ಒಳಗೆ ಬರುವುದೋ ಹೊರಗೆ ಹೋಗುವುದೋ ಎಂಬುದನ್ನು ಬೆಲೆ ಬರೆದು, ಅನುಕ್ರಮ ಬದಲಾಯಿಸಿ, ಇನ್ನೊಮ್ಮೆ ಕೇಳುತ್ತೇವೆ. ಈ ಸಲ ಬಳೇಪೇಟೆಯ ಎರಡು ಅಂಗಡಿಗಳಲ್ಲಿ ಶನಿವಾರ ಮಧ್ಯಾಹ್ನ ನಾನೇ ಕುಳಿತು ಕೇಳುವುದೆಂದು ಒಪ್ಪಂದವಾಗಿದೆ. ಮಧ್ಯಮ ಮತ್ತು ನಿಷಾದ ಬರುತ್ತವೆ. ಜವಾರಿಯ ನಾಬಿಗೆ ಕವಚದಲ್ಲಿ ತೂತು ಬೇಕು, ಅದರ ಬಗ್ಗೆ ಮನೆಯಲ್ಲಿ ಇನ್ನೂ ಜಗಳ ನಡೆದಿದೆ.

ಹಳೆಯ ಗ್ರಾಹಕರಿಗೆ ಅಡಾಪ್ಟರ್ ಬದಲಾಯಿಸಿಕೊಡಲು ಆರಂಭಿಸಿದ್ದೇವೆ. ಜಂಟಿವರಸೆ ಮೇಡಂ, ನಿಮ್ಮ ಪೆಟ್ಟಿಗೆಯ ತಳದಲ್ಲಿ ಅಂಟಿಸಿರುವ ಚೀಟಿಯ ಮೊದಲ ಎರಡು ಅಂಕಿಗಳನ್ನು ಖಾಸಗಿ ಸಂದೇಶದಲ್ಲಿ ತಿಳಿಸಿದರೆ ನಿಮ್ಮದನ್ನು ಗುರುವಾರವೇ ಕಳುಹಿಸುತ್ತೇನೆ. ಚಳಿಯ ಮಾತು ಹೇಳಿದ ಆ ಮಗುವಿನ ಮನೆಯಲ್ಲೂ ನಮ್ಮದೇ ಪೆಟ್ಟಿಗೆ ಇದ್ದರೆ ಅದರ ಅಂಕಿಗಳನ್ನೂ ಸೇರಿಸಿ ಬರೆಯಿರಿ.